ಲಿನಕ್ಸ್‌ನ್ಯಾಗ ಸ್ಕ್ಯಾನರ್ ಸಿಗವಲ್ದು ಅಂದ್ರ ಮೊದ್ಲ ಇದನ್ನ ಮಾಡಿ ನೋಡ್ರಿ

ಯುಎಸ್‌ಬಿ ಫ್ಲ್ಯಾಟ್‌ಬೆಡ್ ಸ್ಕ್ಯಾನರ್ ಹಚ್ಚಿದ್ರೂ ಉಬುಂಟು ಇಲ್ಲಾ ಡೆಬಿಯನ್‌ನ್ಯಾಗ ಕಾಣವಲ್ದು ಅಂದ್ರ, ಡ್ರೈವರ್ ಹುಡುಕ್ಕೊಂತ ಕುಂದ್ರೂಕಿಂತ ಮೊದ್ಲ ಟರ್ಮಿನಲ್ ತಗದು ಸ್ಕ್ಯಾನ್‌ಇಮೇಜ್ ಕಮಾಂಡ್ ಬರದು ಅದರ ಮುಂದ ಹೈಫನ್, ದೊಡ್ಡ ಎಲ್ ಹಾಕಿ (scanimage -L) ಒಮ್ಮೆ ಹಂಗ, ಇನ್ನೊಮ್ಮೆ ಮೊದಲಿಗೆ ಸುಡೊ (sudo, ಅಂದ್ರ ಅಡ್ಮಿನ್ ಅಧಿಕಾರದಾಗ ಓಡಸೋದು) ಹಚ್ಚಿ ಓಡಸ್ರಿ. ಸುಡೊ ಹಚ್ಚಿದಾಗ ಅಷ್ಟ ಸ್ಕ್ಯಾನರ್ ಹೆಸರು ಬಂತಂದ್ರ ಡ್ರೈವರ್ ಬರೋಬ್ಬರಿ ಐತಿ, ನಿಮ್ಮ ಯೂಸರ್‌ಗೆ ಪರ್ಮಿಷನ್ ಇಲ್ಲ ಅಷ್ಟ, ಯಾಕಂದ್ರ ಆ ಯುಎಸ್‌ಬಿ ಡಿವೈಸ್ ಫೈಲ್ ರೂಟ್ (ಅಡ್ಮಿನ್ ಯೂಸರ್) ಕೈಯಾಗ ಇರತೈತಿ. ಸುಡೊ ಹಚ್ಚಿ ಯೂಸರ್‌ಮಾಡ್ ಕಮಾಂಡಿಗೆ ಹೈಫನ್ ಸಣ್ಣ ಎ, ದೊಡ್ಡ ಜಿ ಕೊಟ್ಟು (sudo usermod -aG scanner, ಮುಂದ ನಿಮ್ಮ ಯೂಸರ್ ಹೆಸರು) ನಿಮ್ಮ ಯೂಸರ್‌ನ ಸ್ಕ್ಯಾನರ್ ಗ್ರೂಪಿಗೆ ಸೇರಿಸಿ ಲಾಗೌಟ್ ಮಾಡಿ ಮತ್ತ ಲಾಗಿನ್ ಆಗ್ರಿ. ಆ ಸಣ್ಣ ಎ ಮಾತ್ರ ಮರೀಬ್ಯಾಡ್ರಿ, ಬಿಟ್ರ ಉಳದ ಗ್ರೂಪೆಲ್ಲಾ ಹೋಗಿ ಸುಡೊನೂ ಕೈ ಬಿಟ್ಟ ಹೋಗತೈತಿ. ಇಷ್ಟಾದಮ್ಯಾಲೂ ಬರಲಿಲ್ಲಂದ್ರ ಆ ಮಾಡೆಲ್ ಯುಡೆವ್ (udev) ರೂಲ್ಸ್‌ನ್ಯಾಗ, ಅಂದ್ರ ಯಾವ ಡಿವೈಸ್ ಯಾರಿಗೆ ಸಿಗಬೇಕು ಅಂತ ಹೇಳೋ ಫೈಲಿನ್ಯಾಗ, ಇಲ್ದೇ ಇರಬಹುದು, ಎಲ್‌ಎಸ್‌ಯುಎಸ್‌ಬಿ (lsusb) ಕಮಾಂಡ್ ತೋರಿಸೋ ಐಡಿ ಹಾಕಿ ಒಂದು ರೂಲ್ ನೀವ ಬರೀಬೇಕು. ಸುಡೊ ಹಚ್ಚಿದ್ರೂ ಸಿಗಲಿಲ್ಲಂದ್ರ ಈ ಉಪಾಯ ನಡ್ಯಂಗಿಲ್ಲ, ಲಿನಕ್ಸ್‌ನ್ಯಾಗ ಸ್ಕ್ಯಾನರ್ ನಡಸೋ ಸಾಫ್ಟ್‌ವೇರ್ ಮಾಡೋ ಸೇನ್ (SANE) ಪ್ರಾಜೆಕ್ಟಿನ ಲಿಸ್ಟಿನ್ಯಾಗ ನಿಮ್ಮ ಮಾಡೆಲ್ ಐತೇನ ನೋಡ್ರಿ, ಕೆಲವು ಹಳೇ ಮಸ್ಟೆಕ್ ಸ್ಕ್ಯಾನರಿಗೆ ಫರ್ಮ್‌ವೇರ್ (ಸ್ಕ್ಯಾನರ್ ಒಳಗ ನಡಿಯೋ ಸಾಫ್ಟ್‌ವೇರ್) ಫೈಲ್ ಬ್ಯಾರೆ ಹಾಕಬೇಕಾಗತೈತಿ. ಕ್ಯಾನನ್ ಲೈಡ್ ನಮೂನಿವು ಕರೆಂಟ್ ಯುಎಸ್‌ಬಿಲಿಂದನ ತಗೋತಾವ, ಅವನ್ನ ಹಬ್‌ಗೆ ಹಚ್ಚದ ಸೀದಾ ಕಂಪ್ಯೂಟರಿಗೇ ಹಚ್ರಿ. ಜಮಖಂಡಿ, ಗೋಕಾಕ ಕಡೆ ಉತಾರ, ವಾಟ್ನಿ ಪತ್ರ ಸ್ಕ್ಯಾನ್ ಮಾಡಿಕೊಡೋ ಅಂಗಡ್ಯವರು ಹಳೇ ಸ್ಕ್ಯಾನರ್ ಗುಜರಿಗೆ ಹಾಕೂದ್ರಾಗ ಇದೊಂದು ನೋಡೇ ಹಾಕ್ರಿ.