ಹೊಸ ಬೈಕನ್ನು ಮನೆಯಂಗಳದಲ್ಲೇ ಹೊಂದಿಸಿಕೊಂಡೆ

ನಾನು ಕೊಂಡಿದ್ದು 100 ಸಿಸಿಯ ಸಾದಾ ಬೈಕ್. ಎರಡೂ ಚಕ್ರಗಳಿಗೆ ಡ್ರಮ್ ಬ್ರೇಕ್, ಪೂರ್ತಿ ಹೊದಿಕೆಯಿರುವ ಚೈನ್, ಸೆಲ್ಫ್ ಸ್ಟಾರ್ಟ್. ಕಲಬುರಗಿಯಿಂದ ಜೇವರ್ಗಿಗೆ ಕೆಲಸಕ್ಕೆ ಹೋಗಿಬರಲು, ರಜೆಯಲ್ಲಿ ಹೆಂಡತಿಯೊಂದಿಗೆ ಊರಿನ ಹೊಲಕ್ಕೆ ಹೋಗಲು ಅಷ್ಟು ಸಾಕು. ಹಬ್ಬದ ದಿನಗಳಲ್ಲಿ ಶೋರೂಂಗಳಿಂದ ಗಾಡಿಗಳು ಒಂದರ ಹಿಂದೊಂದು ಹೊರಡುತ್ತವೆ. ಬ್ಯಾಟರಿ, ಕನ್ನಡಿ, ನಂಬರ್ ಪ್ಲೇಟ್ ಕೂರಿಸಿ, ಪೂಜೆ ಮುಗಿಸಿ ಕೀಲಿ ಕೈಗಿಡುತ್ತಾರೆ. ಸವಾರನ ತೋಳು ಎಷ್ಟು ಉದ್ದ, ಹಿಂದೆ ಕೂರುವವರು ಯಾರು, ಗಾಡಿ ಓಡುವ ರಸ್ತೆ ಎಂಥದ್ದು ಎಂಬುದು ಅವರಿಗೆ ತಿಳಿಯುವ ದಾರಿಯಿಲ್ಲ. ಆ ಹೊಂದಾಣಿಕೆಯನ್ನು ಮನೆಯಲ್ಲಿ ನಾವೇ ಮಾಡಿಕೊಳ್ಳಬೇಕು. ಮಾಡುವ ವಿಧಾನವೆಲ್ಲ ಗಾಡಿಯ ಜೊತೆ ಬರುವ ಕೈಪಿಡಿಯಲ್ಲೇ ಇದೆ.

ನಮ್ಮ ಅಂಗಳಕ್ಕೆ ಶಹಾಬಾದ್ ಫರಸಿ ಹಾಸಿದೆ. ಡಬಲ್ ಸ್ಟ್ಯಾಂಡ್ ಹಾಕಿದರೆ ಗಾಡಿ ಅಲುಗಾಡದೆ ನಿಲ್ಲುತ್ತದೆ. ನಾನು ಪಾನಾ ಹಿಡಿದು ಕೂತದ್ದನ್ನು ಕಂಡು, “ಹೊಸ ಗಾಡಿಗೆ ಈಗಲೇ ಯಾಕೆ ಪಾನಾ ಹಚ್ಚುತ್ತೀರಿ?” ಎಂದಳು ಹೆಂಡತಿ. ಸ್ವಲ್ಪ ಹೊತ್ತಿನಲ್ಲಿ ಅವಳನ್ನೇ ಕರೆಯಬೇಕಾಗಿತ್ತು, ಅದರ ಮಾತು ಮುಂದೆ ಬರುತ್ತದೆ.

ಮೊದಲು ಚೈನ್. ಹೊದಿಕೆಯ ರಬ್ಬರ್ ಮುಚ್ಚಳ ತೆಗೆದು, ಬೆರಳಿನಿಂದ ಮೇಲೆ ಕೆಳಗೆ ಆಡಿಸಿ ನೋಡಿದೆ. ನನ್ನ ಕೈಪಿಡಿ ಹೇಳುವ ಸಡಿಲು 25ರಿಂದ 30 ಮಿಲಿಮೀಟರ್. ಚಕ್ರವನ್ನು ನಿಧಾನವಾಗಿ ತಿರುಗಿಸುತ್ತ ಬೇರೆ ಬೇರೆ ಕಡೆ ಅಳೆಯಬೇಕು, ಏಕೆಂದರೆ ಚೈನ್ ಎಲ್ಲ ಕಡೆಯೂ ಒಂದೇ ಸಮ ಇರುವುದಿಲ್ಲ. ಅತಿ ಬಿಗಿಯಾದ ಜಾಗದಲ್ಲಿ ಸಿಕ್ಕ ಅಳತೆಯನ್ನೇ ಲೆಕ್ಕಕ್ಕೆ ಹಿಡಿಯಬೇಕು. ನನ್ನದರಲ್ಲಿ ಅಲ್ಲಿ ಸಡಿಲು ಕಡಿಮೆಯಿತ್ತು. ಇಬ್ಬರು ಕೂತು ಗುಂಡಿಗೆ ಇಳಿದಾಗ ಹಿಂದಿನ ಚಕ್ರ ಮೇಲೆದ್ದು ಚೈನ್ ಇನ್ನೂ ಬಿಗಿಯಾಗುತ್ತದೆ; ಆ ಎಳೆತವೆಲ್ಲ ಗೇರ್‌ಬಾಕ್ಸಿನ ಬೇರಿಂಗಿನ ಮೇಲೆ ಬೀಳುತ್ತದೆ. ಹಿಂದಿನ ಆ್ಯಕ್ಸಲ್ ನಟ್ ಸಡಿಲಿಸಿ, ಎರಡೂ ಬದಿಯ ಅಡ್ಜಸ್ಟರ್‌ಗಳನ್ನು ಸಮವಾಗಿ ತಿರುಗಿಸಿ, ಅಲ್ಲಿ ಕೊರೆದಿರುವ ಗೆರೆಗಳನ್ನು ಎಡಬಲ ತಾಳೆ ನೋಡಿ, ನಟ್ ಮತ್ತೆ ಗಟ್ಟಿಯಾಗಿ ಬಿಗಿದೆ. ಗೆರೆ ತಪ್ಪಿದರೆ ಚಕ್ರ ಓರೆಯಾಗಿ ಓಡುತ್ತದೆ.

ಬಹಳ ಜನ ಇಲ್ಲಿಗೇ ಕೈ ತೊಳೆದುಬಿಡುತ್ತಾರೆ. ಆ್ಯಕ್ಸಲ್ ಮುಂದೆ ಸರಿದರೆ ಹಿಂದಿನ ಬ್ರೇಕಿನ ಕಂಬಿಯೂ ಅಷ್ಟೇ ಸಡಿಲಾಗುತ್ತದೆ. ಹಿಂದೆ ಸರಿದರೆ ಬಿಗಿದು, ಲೈನರ್ ಡ್ರಮ್ಮಿಗೆ ಸದಾ ಉಜ್ಜಲೂಬಹುದು. ಆದ್ದರಿಂದ ಚೈನ್ ಮುಟ್ಟಿದ ಮೇಲೆ ಬ್ರೇಕ್ ಮುಟ್ಟಲೇಬೇಕು. 2019ರ ಏಪ್ರಿಲ್‌ನಿಂದ 125 ಸಿಸಿವರೆಗಿನ ಹೊಸ ಬೈಕುಗಳಿಗೆ ಸಿಬಿಎಸ್ (ಎರಡೂ ಬ್ರೇಕ್ ಒಟ್ಟಿಗೆ ಹಿಡಿಸುವ ವ್ಯವಸ್ಥೆ) ಅಥವಾ ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ) ಕಡ್ಡಾಯವಾಯಿತು. ನನ್ನದು ಸಿಬಿಎಸ್, ಅಂದರೆ ಕಾಲಿನ ಬ್ರೇಕ್ ಒತ್ತಿದರೆ ಮುಂದಿನ ಚಕ್ರವೂ ಸ್ವಲ್ಪ ಹಿಡಿಯುತ್ತದೆ. ಹಿಂದಿನದು ಸಡಿಲಾಗಿ ಉಳಿದರೆ ಎರಡರ ಹಿಡಿತದ ಲೆಕ್ಕ ತಪ್ಪುತ್ತದೆ. ಪೆಡಲಿನ ಆಟವನ್ನು, ಅಂದರೆ ಬ್ರೇಕ್ ಹಿಡಿಯುವ ಮುನ್ನ ಅದು ಖಾಲಿ ಇಳಿಯುವ ದೂರವನ್ನು, ಕೈಪಿಡಿಯ ಅಳತೆಗೆ ತಂದು, ಚಕ್ರಗಳನ್ನು ಕೈಯಿಂದ ತಿರುಗಿಸಿ, ಬ್ರೇಕ್ ಲೈಟ್ ಯಾವಾಗ ಹೊತ್ತುತ್ತದೆ ಎಂದು ನೋಡಿ, ಆಮೇಲೆ ಮನೆಯ ಓಣಿಯಲ್ಲಿ ಮೆಲ್ಲಗೆ ಓಡಿಸಿ ಹಿಡಿದು ಪರೀಕ್ಷಿಸಿದೆ.

ಇನ್ನು ಹೆಂಡತಿಯ ಪಾಳಿ. ಹಿಂದಿನ ಶಾಕ್ ಅಬ್ಸಾರ್ಬರ್‌ಗೆ ಸ್ಪ್ರಿಂಗಿನ ಬಿಗಿ ಹೆಚ್ಚು ಕಡಿಮೆ ಮಾಡುವ ಐದು ಮೆಟ್ಟಿಲುಗಳಿವೆ. ನಾವಿಬ್ಬರೂ ಕೂತಾಗ ಗಾಡಿಯ ಹಿಂಭಾಗ ತಗ್ಗಿ, ಹೆಡ್‌ಲೈಟಿನ ಬೆಳಕು ಮೇಲೇರಿ ಎದುರಿನವರ ಕಣ್ಣಿಗೆ ಬೀಳುತ್ತಿತ್ತು. ಗಾಡಿಯನ್ನು ಗೋಡೆಯೆದುರು ದೂರದಲ್ಲಿ ನಿಲ್ಲಿಸಿ, ದೀಪದ ಎತ್ತರಕ್ಕೆ ಸೀಮೆಸುಣ್ಣದ ಗೆರೆ ಎಳೆದೆವು. ಶಾಕ್ ಒಂದು ಮೆಟ್ಟಿಲು ಏರಿಸಿ, ಇಬ್ಬರೂ ಕೂತೇ ಡಿಪ್ ಬೆಳಕು ಆ ಗೆರೆಯ ಕೆಳಗೆ ಬರುವಂತೆ ದೀಪ ತಗ್ಗಿಸಿದೆವು. ಭೀಮಾ ನದಿಯ ಸೇತುವೆ ದಾಟಿ ರಾತ್ರಿ ಮರಳುವಾಗ ಎದುರು ಬರುವವರು ಈಗ ಡಿಪ್ ಹೊಡೆದು ಬೈಯುವುದಿಲ್ಲ.

ಲಿವರ್‌ಗಳನ್ನು ಮುಂಗೈ ಮತ್ತು ಬೆರಳು ಒಂದೇ ನೇರಕ್ಕೆ ಬರುವಂತೆ ತಿರುಗಿಸಿಕೊಂಡೆ. ಸಣ್ಣ ಕೆಲಸ, ಆದರೆ ಜೇವರ್ಗಿವರೆಗೂ ಮಣಿಕಟ್ಟು ನೋಯುವುದಿಲ್ಲ. ಸೀರೆ ಗಾರ್ಡ್ ಗಟ್ಟಿಯಾಗಿದೆಯೇ ಎಂದೂ ನೋಡಿದೆ. ಮೋಟಾರು ವಾಹನ ನಿಯಮವೇ ಅದನ್ನು ಕೇಳುತ್ತದೆ.

ಟೈರಿನ ಗಾಳಿಯನ್ನು ನಾನು ಬೆಳಿಗ್ಗೆ ಗಾಡಿ ಹೊರತೆಗೆಯುವ ಮುನ್ನವೇ ಅಳೆಯುತ್ತೇನೆ. ಕೈಪಿಡಿಯ ಅಂಕಿ ತಣ್ಣಗಿರುವ ಟೈರಿನದು. ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 42 ಡಿಗ್ರಿ ದಾಟುತ್ತದೆ. ಡಾಂಬರು ರಸ್ತೆಯಲ್ಲಿ ಓಡಿ ಕಾದ ಟೈರಿನಲ್ಲಿ ಮೀಟರ್ ಹೆಚ್ಚು ತೋರಿಸುತ್ತದೆ, ಅದನ್ನು ನಂಬಿ ಗಾಳಿ ಬಿಟ್ಟರೆ ಮರುದಿನ ಬೆಳಿಗ್ಗೆ ಕಡಿಮೆಯಾಗಿರುತ್ತದೆ. ಅದಕ್ಕೇ ಮೀಟರ್ ಇರುವ ಕಾಲು ಪಂಪೊಂದನ್ನು ಕೊಂಡಿಟ್ಟುಕೊಂಡಿದ್ದೇನೆ.

ಮೊದಲ ಸರ್ವಿಸ್‌ವರೆಗೆ ವೇಗ 50 ದಾಟಿಸಲಿಲ್ಲ, ಒಂದೇ ವೇಗದಲ್ಲೂ ಎಳೆಯಲಿಲ್ಲ. ಪಿಸ್ಟನ್ ರಿಂಗುಗಳು ಸಿಲಿಂಡರಿಗೆ ಹೊಂದಿಕೊಳ್ಳುವ ಕಾಲ ಅದು. ಸವೆದ ಲೋಹದ ಪುಡಿ ಎಣ್ಣೆಗೆ ಸೇರುತ್ತದೆ, ಹಾಗಾಗಿ ಮೊದಲ ಎಣ್ಣೆ ಬದಲಾವಣೆಯನ್ನು ಮುಂದೂಡಬಾರದು. ಹೊಸ ಚೈನ್ ಆರಂಭದಲ್ಲಿ ಬೇಗ ಹಿಗ್ಗುತ್ತದೆ, ಸರ್ವಿಸ್ ಮುಗಿಸಿ ಬಂದ ಸಂಜೆ ಅದನ್ನು ಮತ್ತೆ ಅಳೆದೆ.

ತೊಗರಿ ರಾಶಿಯ ಕಾಲದಲ್ಲಿ ಹೊಲದ ದಾರಿಯ ಎರೆಮಣ್ಣಿನ ಧೂಳು, ಶಹಾಬಾದ್ ಕಡೆ ಹೋದರೆ ಕಲ್ಲಿನ ಪುಡಿ. ನನ್ನ ಬೈಕಿನ ಏರ್ ಫಿಲ್ಟರ್ ಎಣ್ಣೆ ಸವರಿದ ಕಾಗದದ್ದು. ಗಾಳಿ ಹೊಡೆದು ಸ್ವಚ್ಛ ಮಾಡುವಂಥದ್ದಲ್ಲ, ಬದಲಿಸಬೇಕು. ನಮ್ಮ ಕಡೆ ಕೈಪಿಡಿಯ ಕಿಲೋಮೀಟರಿಗಿಂತ ಮೊದಲೇ ಬದಲಿಸುವುದು ಒಳ್ಳೆಯದೆಂದು ಹೊಸ ಫಿಲ್ಟರ್ ಒಂದನ್ನು ಈಗಲೇ ತಂದಿಟ್ಟಿದ್ದೇನೆ.