ಅಡ್ರಿನಲ್ ಕೊರತೆಗೆ ಹೈಡ್ರೊಕಾರ್ಟಿಸೋನ್: ಎಷ್ಟು, ಯಾವಾಗ, ಜ್ವರ ಬಂದರೆ ಏನು?

ಆಸ್ತಮಾಕ್ಕೋ ಕೀಲುನೋವಿಗೋ ಕೊಡುವ ಸ್ಟೆರಾಯ್ಡ್ ಬೇರೆ, ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿ ಕೈಕೊಟ್ಟಾಗ ಕೊಡುವುದು ಬೇರೆ. ಇಲ್ಲಿ ದೇಹ ತಾನೇ ತಯಾರಿಸಬೇಕಿದ್ದ ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಹೈಡ್ರೊಕಾರ್ಟಿಸೋನ್ ಮಾತ್ರೆಯಾಗಿ ಹೊರಗಿನಿಂದ ತುಂಬುತ್ತೇವೆ, ಅಷ್ಟೇ. 'ಸ್ಟೆರಾಯ್ಡ್ ಕೆಟ್ಟದ್ದು' ಎಂಬ ಮಾತು ಕೇಳಿ ಮಾತ್ರೆ ನಿಲ್ಲಿಸಿದರೆ ಪ್ರಾಣಕ್ಕೇ ಕುತ್ತು.

ವಯಸ್ಕರಿಗೆ ದಿನಕ್ಕೆ 15ರಿಂದ 25 ಮಿಲಿಗ್ರಾಂ ಹೈಡ್ರೊಕಾರ್ಟಿಸೋನ್, ಎರಡು ಅಥವಾ ಮೂರು ಪಾಲಾಗಿ. ವೈದ್ಯರು 20 ಬರೆದಿದ್ದರೆ ಹಂಚಿಕೆ ಹೀಗಿರಬಹುದು: ಎದ್ದ ಕೂಡಲೇ 10, ಮಧ್ಯಾಹ್ನ 5, ಸಂಜೆ ನಾಲ್ಕರ ಹೊತ್ತಿಗೆ 5. ಸಹಜವಾಗಿ ಕಾರ್ಟಿಸಾಲ್ ಏರುವುದು ಮುಂಜಾನೆ; ಈ ಔಷಧವೋ ರಕ್ತದಲ್ಲಿ ಸುಮಾರು ಒಂದೂವರೆ ಗಂಟೆಗೆ ಅರ್ಧಕ್ಕಿಳಿಯುತ್ತದೆ. ಅದಕ್ಕೇ ದೊಡ್ಡ ಪಾಲು ಬೆಳಿಗ್ಗೆ. ಕೊನೆಯದನ್ನು ಮಲಗುವ ನಾಲ್ಕರಿಂದ ಆರು ಗಂಟೆ ಮೊದಲೇ ಮುಗಿಸಿ, ಇಲ್ಲದಿದ್ದರೆ ನಿದ್ದೆ ಹತ್ತದು. ರಾತ್ರಿಪಾಳಿಯವರು ಗಡಿಯಾರ ನೋಡದೆ ತಾವು ಏಳುವ ಹೊತ್ತನ್ನು ಲೆಕ್ಕ ಹಿಡಿಯಬೇಕು.

ಸಮಸ್ಯೆ ಅಡ್ರಿನಲ್ ಗ್ರಂಥಿಯಲ್ಲೇ ಇದ್ದರೆ (ಅಡಿಸನ್ ಕಾಯಿಲೆ) ಉಪ್ಪಿನಂಶ ಹಿಡಿದಿಡುವ ಫ್ಲೂಡ್ರೊಕಾರ್ಟಿಸೋನ್ ಕೂಡ ಬೇಕು. ಅಡ್ರಿನಲ್‌ಗೆ ಆಜ್ಞೆ ಕೊಡುವ, ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಕಾರಣವಾದರೆ ಸಾಮಾನ್ಯವಾಗಿ ಬೇಡ.

ಡೋಸ್ ಸರಿಯಿದೆಯೇ ಎಂದು ತಿಳಿಯಲು ರಕ್ತಪರೀಕ್ಷೆಗಿಂತ ದೇಹವನ್ನೇ ನೋಡುವುದು ಮೇಲು. ಸುಸ್ತು, ವಾಕರಿಕೆ, ತೂಕ ಇಳಿಕೆ, ಎದ್ದು ನಿಂತಾಗ ತಲೆಸುತ್ತು ಇದ್ದರೆ ಸಾಲುತ್ತಿಲ್ಲವೆಂದು ಅನುಮಾನಿಸಿ. ಮುಖ ಊದಿ, ತೂಕ ಏರಿ, ಚರ್ಮ ತೆಳುವಾಗಿ, ಸಕ್ಕರೆ ಹೆಚ್ಚಿದರೆ ಅತಿಯಾಗಿದೆ. ಸುಸ್ತೆಂದು ನಾವೇ ಅರ್ಧ ಮಾತ್ರೆ ಸೇರಿಸಿಕೊಳ್ಳುತ್ತ ಹೋದರೆ ವರ್ಷಗಳಲ್ಲಿ ಮೂಳೆ ಸವೆಯುತ್ತದೆ.

ಎಡವುವುದು ಕಾಯಿಲೆ ಬಿದ್ದಾಗ. ಆರೋಗ್ಯವಂತರ ಗ್ರಂಥಿ ಜ್ವರದಲ್ಲಿ ತಾನಾಗಿ ಹೆಚ್ಚು ಕಾರ್ಟಿಸಾಲ್ ಸುರಿಸುತ್ತದೆ; ನಿಮ್ಮದು ಸುರಿಸದು. ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟಿದರೆ ದಿನದ ಡೋಸ್ ಎರಡರಷ್ಟು, 39 ದಾಟಿದರೆ ಮೂರರಷ್ಟು. ಇಳಿದ ಮೇಲೆ ಒಂದೆರಡು ದಿನದಲ್ಲಿ ಹಳೆಯ ಅಳತೆಗೆ ಮರಳಿ. ಈ ಲೆಕ್ಕವನ್ನು ವೈದ್ಯರಿಂದ ಮೊದಲೇ ಬರೆಸಿಟ್ಟುಕೊಳ್ಳಿ.

ನುಂಗಿದ ಅರ್ಧ ಗಂಟೆಯೊಳಗೆ ವಾಂತಿಯಾದರೆ ಇನ್ನೊಮ್ಮೆ ನುಂಗಿ. ಅದೂ ನಿಲ್ಲದಿದ್ದರೆ ಮಾತ್ರೆ ನೆಚ್ಚಿ ಕೂರಬೇಡಿ: 100 ಮಿಲಿಗ್ರಾಂ ಹೈಡ್ರೊಕಾರ್ಟಿಸೋನ್ ಇಂಜೆಕ್ಷನ್ ತೊಡೆಯ ಸ್ನಾಯುವಿಗೆ, ಬಳಿಕ ನೇರ ಆಸ್ಪತ್ರೆಗೆ. ಅಲ್ಲಿ ಸಲೈನ್ ಹಾಕಿ, 24 ಗಂಟೆಗೆ 200 ಮಿಲಿಗ್ರಾಂ ಮುಂದುವರಿಸುತ್ತಾರೆ. ಇಂಜೆಕ್ಷನ್ನಿನ ಪುಡಿ ಕಲಸಿ ಸಿರಿಂಜ್‌ಗೆ ಎಳೆಯುವುದನ್ನು ಮನೆಯವರೂ ಆರಾಮಾಗಿರುವಾಗಲೇ ಕಲಿತಿರಬೇಕು. ಇಂಜೆಕ್ಷನ್ ಬೇಕಿತ್ತೋ ಇಲ್ಲವೋ ಎಂಬ ಅನುಮಾನ ಬಂದರೆ ಕೊಡುವುದೇ ಲೇಸು. ಒಂದು ಡೋಸ್ ಹೆಚ್ಚಾದದ್ದರಿಂದ ಕೆಡುಕಿಲ್ಲ.

ಔಷಧ ಬದಲಿಸಿ ಪ್ರೆಡ್ನಿಸೊಲೋನ್ ಎಂಬ ಬೇರೆ ಸ್ಟೆರಾಯ್ಡ್ ಕೊಟ್ಟರೆ 20 ಮಿಲಿಗ್ರಾಂ ಹೈಡ್ರೊಕಾರ್ಟಿಸೋನ್‌ಗೆ 5 ಮಿಲಿಗ್ರಾಂ ಸಮ. ಕ್ಷಯಕ್ಕೆ ರಿಫಾಂಪಿಸಿನ್ ಅಥವಾ ಫಿಟ್ಸ್‌ಗೆ ಫೆನಿಟಾಯಿನ್ ಶುರುವಾದರೆ ಹೈಡ್ರೊಕಾರ್ಟಿಸೋನ್ ಬೇಗ ಕರಗಿಹೋಗುವುದರಿಂದ ಡೋಸ್ ಏರಿಸಬೇಕಾದೀತು. ಥೈರಾಯ್ಡ್ ಕೊರತೆಯೂ ಜೊತೆಗಿದ್ದರೆ ಮೊದಲು ಹೈಡ್ರೊಕಾರ್ಟಿಸೋನ್, ಆಮೇಲೆ ಥೈರಾಕ್ಸಿನ್. ಕ್ರಮ ತಪ್ಪಿದರೆ ಇರುವ ಚೂರು ಕಾರ್ಟಿಸಾಲೂ ಬೇಗ ಖರ್ಚಾಗಿ ರೋಗಿ ಕುಸಿಯಬಹುದು.