ಫ್ರೀಜರ್ ಇಲ್ಲದೆ ಐಸ್‌ಕ್ರೀಮ್: ಕೆಲಸವೆಲ್ಲ ಕಲ್ಲುಪ್ಪಿನದು

ಬರೀ ಐಸಿನಲ್ಲಿ ಹಾಲಿನ ಡಬ್ಬಿ ಹೂತಿಟ್ಟು ಎಷ್ಟು ಹೊತ್ತು ಕಾದರೂ ಐಸ್‌ಕ್ರೀಮ್ ಆಗುವುದಿಲ್ಲ. ಕರಗುವ ಐಸು ಸೊನ್ನೆ ಡಿಗ್ರಿಯಲ್ಲೇ ನಿಂತಿರುತ್ತದೆ. ಸಕ್ಕರೆ ಬೆರೆತ ಹಾಲು ಗಟ್ಟಿಯಾಗತೊಡಗುವುದು ಅದಕ್ಕಿಂತ ಸುಮಾರು ಒಂದೂವರೆ ಡಿಗ್ರಿ ಕೆಳಗೆ. ಅಲ್ಲಿಗೆ ಇಳಿಸಲು ಉಪ್ಪು ಬೇಕು.

ಕಾಯಿಸಿ ಆರಿಸಿದ 200 ಮಿ.ಲೀ. ಗಟ್ಟಿ ಹಾಲಿಗೆ 30 ಗ್ರಾಂ ಸಕ್ಕರೆ, ಚಿಟಿಕೆ ಏಲಕ್ಕಿ ಪುಡಿ ಹಾಕಿ ಕದಡಿ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಮುಕ್ಕಾಲು ಭಾಗ ಮಾತ್ರ ತುಂಬಿ. ಪ್ಲಾಸ್ಟಿಕ್ ಡಬ್ಬಿ ಬೇಡ, ಅದು ಶಾಖವನ್ನು ಬೇಗ ಬಿಟ್ಟುಕೊಡುವುದಿಲ್ಲ.

ಒಂದೂವರೆ ಕಿಲೋ ಐಸನ್ನು ಗೋಣಿಚೀಲದಲ್ಲಿ ಸುತ್ತಿ ಜಜ್ಜಿ. ಸಣ್ಣ ಬಕೆಟ್ಟಿನಲ್ಲಿ ಡಬ್ಬಿ ಇಟ್ಟು, ಸುತ್ತಲೂ ಒಂದು ಪದರ ಐಸು, ಒಂದು ಹಿಡಿ ಕಲ್ಲುಪ್ಪು, ಹೀಗೆ ಅರ್ಧ ಕಿಲೋ ಉಪ್ಪು ಮುಗಿಸಿ. ಮುಚ್ಚಳ ಮಾತ್ರ ಐಸಿನ ಮೇಲಿರಲಿ, ಒಳಗೆ ಉಪ್ಪುನೀರು ಹೋದರೆ ಹಾಲು ಕೆಟ್ಟಿತು.

ಇಲ್ಲಿ ಬಹಳ ಜನ ತಪ್ಪು ತಿಳಿಯುತ್ತಾರೆ: ಉಪ್ಪಿನಲ್ಲಿ ತಂಪಿಲ್ಲ. ಐಸಿನ ಮೈಮೇಲಿನ ತೆಳು ನೀರಿನಲ್ಲಿ ಉಪ್ಪು ಕರಗಿದಾಗ, ಆ ನೀರಿನ ಕಣಗಳು ಮತ್ತೆ ಐಸಿಗೆ ಅಂಟಿಕೊಳ್ಳುವುದು ಕಡಿಮೆಯಾಗುತ್ತದೆ. ಐಸು ಕರಗುತ್ತಲೇ ಹೋಗುತ್ತದೆ, ಕರಗಲು ಬೇಕಾದ ಶಾಖವನ್ನು ಹಾಲಿನಿಂದ ಎಳೆದುಕೊಳ್ಳುತ್ತದೆ. ಲೆಕ್ಕಕ್ಕೆ ಬರುವುದು ಕರಗಿದ ಕಣಗಳ ಸಂಖ್ಯೆ. ಲೀಟರ್ ನೀರಿಗೆ 50 ಗ್ರಾಂ ಉಪ್ಪು ಹಾಕಿದರೆ ಅದು ಹೆಪ್ಪುಗಟ್ಟುವ ಮಟ್ಟ ಸುಮಾರು 3 ಡಿಗ್ರಿ ಇಳಿಯುತ್ತದೆ, ಅಷ್ಟೇ ಸಕ್ಕರೆಗೆ ಕಾಲು ಡಿಗ್ರಿ. ಸಕ್ಕರೆಯ ಅಣು ದೊಡ್ಡದು, ಇಡಿಯಾಗಿಯೇ ಉಳಿಯುತ್ತದೆ. ಉಪ್ಪು ಸೋಡಿಯಂ, ಕ್ಲೋರೈಡ್ ಎಂದು ಎರಡಾಗಿ ಒಡೆಯುತ್ತದೆ. ದ್ರಾವಣದಲ್ಲಿ ಉಪ್ಪು ಶೇ. 23ರಷ್ಟಾದಾಗ ಮೈನಸ್ 21 ಡಿಗ್ರಿವರೆಗೂ ಇಳಿಯಬಹುದು. ಅದಕ್ಕಿಂತ ಹೆಚ್ಚು ಸುರಿದರೆ ತಳದಲ್ಲಿ ಸುಮ್ಮನೆ ಕೂರುತ್ತದೆ.

ಈಗ ಡಬ್ಬಿಯನ್ನು ಅತ್ತಿತ್ತ ತಿರುಗಿಸುತ್ತಿರಿ. ದಪ್ಪ ಟವೆಲ್ ಹಿಡಿದೇ ತಿರುಗಿಸಿ, ಈ ನೀರು ಚರ್ಮವನ್ನು ಸುಟ್ಟಂತೆ ಮಾಡುತ್ತದೆ. ಡಬ್ಬಿಯ ಅಂಚಿಗೆ ಮೊದಲು ಹನಿ ಕಟ್ಟುತ್ತದೆ, ಆಮೇಲೆ ಬೆರಳಲ್ಲಿ ಕೆರೆಯಬಹುದಾದ ಬಿಳಿ ಹುಡಿ. ಐದೈದು ನಿಮಿಷಕ್ಕೆ ಮುಚ್ಚಳ ಒರೆಸಿ ತೆಗೆದು, ಗೋಡೆಗೆ ಅಂಟಿದ್ದನ್ನು ಚಮಚದಿಂದ ಕೆರೆದು ಕಲಸಿ. ಕೆರೆಯದಿದ್ದರೆ ಹರಳು ದಪ್ಪವಾಗಿ ನಾಲಿಗೆಗೆ ಮರಳಿನಂತೆ ಸಿಗುತ್ತದೆ. ಅರ್ಧ ಗಂಟೆಯೊಳಗೆ ಚಮಚ ನೆಟ್ಟಗೆ ನಿಲ್ಲಬೇಕು. ಕಲ್ಲಾಗುವುದಿಲ್ಲ: ನೀರು ಗಟ್ಟಿಯಾದಂತೆ ಉಳಿದ ಪಾಕ ಇನ್ನಷ್ಟು ಸಿಹಿಯಾಗಿ, ಹೆಪ್ಪುಗಟ್ಟದೆ ನಡುವೆ ಮೆತ್ತಗೆ ಉಳಿಯುತ್ತದೆ.

ಉಪ್ಪುನೀರನ್ನು ಗಿಡಕ್ಕೆ ಹಾಕಬೇಡಿ. ಪ್ಲಾಸ್ಟಿಕ್ ಟ್ರೇಯಲ್ಲಿ ಕೆಲವು ದಿನ ಬಿಸಿಲಿಗಿಟ್ಟರೆ ಉಪ್ಪು ಮತ್ತೆ ಹರಳುಗಟ್ಟುತ್ತದೆ, ಮುಂದಿನ ಸಲದ ಐಸಿಗೆ ಅದೇ ಸಾಕು.